ಎರಡು ಹಲ್ಲು, ಒಂದು ಕುರ್ಚಿ

ಡ್ರಮ್ಮಿನವನಿಗೆ ಬಾಗಿಲನ್ನು ಕೈಯಿಂದ ತೆಗೆಯುವ ಅಭ್ಯಾಸವೇ ಇಲ್ಲ. ಎರಡೂ ಕೈಯಲ್ಲಿ ಡ್ರಮ್ಮು ಹಿಡಿದಿರುತ್ತಾನೆ, ಕಾಲಲ್ಲಿ ಒದೆಯುತ್ತಾನೆ. ಅವತ್ತು ಬೆಳಿಗ್ಗೆ ಬ್ಯಾಂಡ್ ರೂಮಿನ ಬಾಗಿಲು ಒದ್ದಾಗ ಅದರ ಹಿಂದೆಯೇ ಪೀಪಿ ನಿಂತು ಟ್ರಂಪೆಟ್ ಊದುತ್ತಿದ್ದ. ಬಾಗಿಲು ಟ್ರಂಪೆಟ್ಟಿಗೆ ಬಡಿಯಿತು, ಟ್ರಂಪೆಟ್ ಪೀಪಿಯ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲುಗಳಲ್ಲಿ ಒಂದು ನೆಲಕ್ಕೆ ಬಿತ್ತು. ಇನ್ನೊಂದು ಟ್ರಂಪೆಟ್ಟಿನ ಊದುಬಾಯಲ್ಲಿ ನೆಟ್ಟಗೆ ಕೂತಿತ್ತು.

ಪೀಪಿ ಅಂದರೆ ಆ ಬ್ಯಾಂಡಿನ ಮೊದಲನೇ ಟ್ರಂಪೆಟ್. ಮುಂದಿನ ಸಾಲಿನ ನಡುಮಧ್ಯದ ಕುರ್ಚಿ ಅವನದು. ಅದಕ್ಕಾಗಿ ವರ್ಷಗಟ್ಟಲೆ ಹಿಂದೆ ಕೂತು ಕಂಡವರ ಬೋಳುತಲೆ ನೋಡಿದ್ದ ಪಾಪ. ಮುಂದಿನ ಹಲ್ಲಿಲ್ಲದೆ ಊದಿದರೆ ಸೈಕಲ್ ಪಂಕ್ಚರ್ ಆದ ಹಾಗೆ ಬರೀ ಗಾಳಿ. ಕುರ್ಚಿ ಹೋಯಿತಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದು ಓಡಿದ.

ಎದುರು ರಸ್ತೆಯ ಹಲ್ಲಿನ ಡಾಕ್ಟರು ಬಾಯಿ ತೊಳೆದು ಹತ್ತಿ ತುರುಕಿದರು. "ಇಂಪ್ಲಾಂಟ್ ಹಾಕೋಣ. ದವಡೆಗೆ ಒಂದು ಸ್ಕ್ರೂ ಕೂರಿಸಿ, ಮೇಲೆ ಹಲ್ಲು. ಟೈಟಾನಿಯಂ ಬೇಕೋ ಸೆರಾಮಿಕ್ ಬೇಕೋ? ಟೈಟಾನಿಯಂ ಬಹಳ ಕಾಲದಿಂದ ಇದೆ, ನಂಬಬಹುದು. ಸೆರಾಮಿಕ್ ಬೆಳ್ಳಗಿರುತ್ತೆ, ವಸಡು ತೆಳ್ಳಗಿದ್ದರೂ ಬೂದು ಬಣ್ಣ ಇಣುಕಲ್ಲ. ಯೋಚಿಸಿ ಸಂಜೆ ಬನ್ನಿ," ಅಂದರು.

ಈ ವಿಷಯ ಪೀಪಿ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಬಚಾವಾಗುತ್ತಿದ್ದ. ಇಟ್ಟುಕೊಳ್ಳಬೇಕಲ್ಲ. ನೇರ ಬ್ಯಾಂಡ್ ರೂಮಿಗೆ ಬಂದು ಒದರಿಬಿಟ್ಟ.

"ಟೈಟಾನಿಯಂ ಹಾಕಿಸು," ಅಂದ ಡ್ರಮ್ಮಿನವನು. ತಪ್ಪು ಅವನದೇ ಆದ್ದರಿಂದ ಸಲಹೆಯೂ ಅವನದೇ ಮೊದಲು. "ಟ್ರಂಪೆಟ್ ಲೋಹ, ಹಲ್ಲಿನ ಬೇರೂ ಲೋಹ. ನಾದ ಸೀದಾ ತಲೆಬುರುಡೆಗೆ ಹೋಗುತ್ತೆ."

"ಹೋಗಿ ಅಲ್ಲೇ ಉಳಿದುಕೊಳ್ಳುತ್ತೆ," ಅಂದಳು ಕ್ಲಾರಿನೆಟ್ ಅಕ್ಕ. "ಆಮೇಲೆ ಇವನು ಊಟಕ್ಕೆ ಕೂತರೆ ಚಮಚ ತಾಗಿ ಗಂಟೆ ಹೊಡೆಯುತ್ತೆ. ಸೆರಾಮಿಕ್ಕೇ ಸರಿ, ಧ್ವನಿ ಮೃದುವಾಗಿರುತ್ತೆ."

"ಮೇಲಿನ ಸ್ವರ ಹಿಡಿದಾಗ ಬಿರುಕು ಬಿಟ್ಟರೆ?"

"ನೀನು ಬಾಗಿಲು ಒದೆಯದಿದ್ದರೆ ಯಾವುದೂ ಬಿರುಕು ಬಿಡಲ್ಲ."

ಬ್ಯಾಂಡ್ ಮಾಸ್ಟರು ಅಡ್ಡಗೋಡೆ ಮೇಲೆ ದೀಪ ಇಡುವ ಪೈಕಿಯವರಲ್ಲ. "ಬಾಯಿಮಾತು ಬೇಡ, ಕಿವಿಯಲ್ಲಿ ಕೇಳಿಯೇ ತೀರ್ಮಾನ ಮಾಡೋಣ," ಎಂದು ಪಿಯಾನೊ ಮುಂದೆ ಕೂತರು. ಸೆರಾಮಿಕ್ ಎಂದು ಕಾಫಿ ಕಪ್ಪು ಬಂತು. ಟೈಟಾನಿಯಂ ಎಂದು ಕೊಳಲಿನ ತಾತನ ಲೋಹದ ಕನ್ನಡಕ ಬಂತು. ಪೀಪಿ ಒಂದೊಂದನ್ನೇ ತುಟಿಯಲ್ಲಿ ಕಚ್ಚಿ ಹಿಡಿಯಬೇಕು, ಡ್ರಮ್ಮಿನವನು ಕೋಲಲ್ಲಿ ತಟ್ಟಬೇಕು, ಉಳಿದವರು ಪೀಪಿಯ ತಲೆಗೆ ಕಿವಿ ಕೊಟ್ಟು ಕೇಳಬೇಕು. ಕಪ್ಪು ಬಿರಿದು ಅಂಗಿಯೆಲ್ಲ ಕಾಫಿಯಾಯಿತು. ಕನ್ನಡಕದ ಒಂದು ಗಾಜು ಹಾರಿ ಪಿಯಾನೊ ಒಳಗೆ ಬಿತ್ತು. "ನನ್ನ ಕಣ್ಣು," ಎಂದು ತಾತ ನೆಲ ತಡವತೊಡಗಿದರು.

ಆ ಹೊತ್ತಿಗೇ ಊಟದ ಡಬ್ಬಿ ಹಿಡಿದು ಪೀಪಿಯ ಹೆಂಡತಿ ಬಂದಳು. ಬಾಯಲ್ಲಿ ಕನ್ನಡಕ ಕಚ್ಚಿಕೊಂಡ ಗಂಡ, ಅವನ ತಲೆಗೆ ಅಂಟಿಕೊಂಡ ಬ್ಯಾಂಡು. ಕತೆಯೆಲ್ಲ ಕೇಳಿ, "ರೀ, ನನಗೆ ನಾದಗೀದ ಬೇಡ, ನಕ್ಕರೆ ಚೆನ್ನಾಗಿ ಕಾಣಬೇಕು. ಬಿಳೀದೇ ಹಾಕಿಸಿ," ಅಂದಳು.

ಮಾಸ್ಟರು ಕಣ್ಣು ಮುಚ್ಚಿ ಯೋಚಿಸಿದರು. "ಎಡಗಡೆ ಟೈಟಾನಿಯಂ, ಬಲಗಡೆ ಸೆರಾಮಿಕ್. ಒಂದರಲ್ಲಿ ಗಾಂಭೀರ್ಯ, ಒಂದರಲ್ಲಿ ಮಾಧುರ್ಯ." ಎಲ್ಲರೂ ಚಪ್ಪಾಳೆ ತಟ್ಟಿದರು. ಪೀಪಿಗೆ ತಲೆ ಚಿಟ್ಟು ಹಿಡಿದಿತ್ತು, ಅವನೂ ತಟ್ಟಿದ.

ಸಂಜೆ ಇಡೀ ಬ್ಯಾಂಡು ಡಾಕ್ಟರ ರೂಮಿಗೆ ನುಗ್ಗಿತು. ತೀರ್ಪು ಕೇಳಿ ಡಾಕ್ಟರು ಬಿದ್ದೂ ಬಿದ್ದೂ ನಕ್ಕರು. "ಸ್ಕ್ರೂ ಮೂಳೆಯೊಳಗೆ ಹೂತು ಹೋಗುತ್ತೆ. ಹೊರಗೆ ಕಾಣೋ ಹಲ್ಲು ಎರಡಕ್ಕೂ ಒಂದೇ ಥರ. ಸ್ಕ್ರೂ ಯಾವ ಶ್ರುತಿಯಲ್ಲಿದೆ ಅಂತ ಯಾರೂ ಕೇಳಿಸಿಕೊಳ್ಳೋಕಾಗಲ್ಲ. ಯಾವುದು ಹಾಕಿದರೂ ಮೂಳೆ ಹಿಡಿಯೋಕೆ ನಾಲ್ಕೈದು ತಿಂಗಳು ಬೇಕು. ಅಲ್ಲಿವರೆಗೆ ಊದೋ ಹಾಗಿಲ್ಲ."

"ಅಲ್ಲಿವರೆಗೆ ನನ್ನ ಮೊದಲನೇ ಕುರ್ಚಿಯಲ್ಲಿ ಯಾರನ್ನು ಕೂರಿಸಲಿ?" ಅಂದರು ಮಾಸ್ಟರು.

"ಖಾಲಿ ಬಿಡಿ ಸಾರ್, ನಾಲ್ಕೇ ತಿಂಗಳು," ಎಂದು ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದಲ್ಲೇ ಪೀಪಿ ಕೈಮುಗಿದ.

ಡಾಕ್ಟರು ಕೈಗವಸು ಕಳಚಿ ಕತ್ತು ತುರಿಸಿಕೊಂಡರು. "ಕಾಲೇಜಿನಲ್ಲಿ ನಾನೂ ಟ್ರಂಪೆಟ್ ಊದುತ್ತಿದ್ದೆ. ಈಗ ಮನೆಯಲ್ಲಿ ಹೆಂಡತಿ ಬಿಡಲ್ಲ. ಒಂದು ಸಲ ನೋಡಲಾ?" ಎನ್ನುತ್ತ ಪೀಪಿಯ ತೊಡೆಯ ಮೇಲಿದ್ದ ಟ್ರಂಪೆಟ್ ಎತ್ತಿಕೊಂಡು ಊದಿದರು. ಪೀಪಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ದಕ್ಕದ ಸ್ವರವೊಂದು ರೂಮು ತುಂಬಿತು.

ಮಾಸ್ಟರು ಎದ್ದು ಬಂದು ಡಾಕ್ಟರ ಬಾಯಿ ತೆಗೆಸಿ, ಅವರದೇ ದೀಪ ಬಿಟ್ಟು ನೋಡಿದರು. "ಎಲ್ಲಾ ಸ್ವಂತದ್ದು. ನಾಳೆಯಿಂದಲೇ ಬಂದುಬಿಡಿ."

ಬ್ಯಾಂಡಿನವರು ಡಾಕ್ಟರ ಬೆನ್ನು ತಟ್ಟಿ ಹೊರಟರು. ಕುರ್ಚಿಯಲ್ಲಿ ಮಲಗಿದ್ದ ಪೀಪಿ ಹಲ್ಲಿನ ಸಂದಿಯಿಂದ ಗಾಳಿ ಬಿಡುತ್ತ ಕೇಳಿದ, "ಡಾಕ್ಟ್ರೇ, ನನ್ನ ಮೂಳೆ ನಾಲ್ಕು ತಿಂಗಳಿಗೆ ಹಿಡಿಯುತ್ತಲ್ಲ?"

ಡಾಕ್ಟರು ಟ್ರಂಪೆಟ್ಟನ್ನು ಮೆತ್ತಗೆ ಒರೆಸುತ್ತಿದ್ದರು.

"ಆಗ ನಾನು ಸರಿಯಾಗಿ ನೋಡಿರಲಿಲ್ಲ," ಅಂದರು. "ನಿಮ್ಮ ಮೂಳೆ ತುಂಬಾ ನಿಧಾನದ್ದು. ಎರಡು ಮೂರು ವರ್ಷ ಅಂತ ಇಟ್ಟುಕೊಳ್ಳಿ."