ಮಾವ ಕೊಟ್ಟ ಸ್ಟೀರಿಯೊ

ಚಿಕ್ಕೋಡಿಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅದು ತಾನಾಗಿಯೇ ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಬಸ್ಸಿಳಿದು ಬರುತ್ತದೆ. ಎಲ್ಲರ ಕೈಯಲ್ಲೂ ಮೊಬೈಲಿದೆ, ಬೇಕಾದ ಹಾಡು ಅದರಲ್ಲೇ ಸಿಗುತ್ತದೆ. ಆದರೂ ಈ ಹಳೇ ಪೆಟ್ಟಿಗೆಗಳನ್ನು ಜನ ಯಾಕೆ ಬಿಡುವುದಿಲ್ಲ ಎನ್ನುವುದು ನನಗೆ ತೀರದ ಕುತೂಹಲ. ಬಂದವರನ್ನೆಲ್ಲ ಕೇಳುತ್ತೇನೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿದ್ದಿಲ್ಲ.

ಒಂದು ತಪ್ಪು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇವುಗಳ ಬಿಡಿಭಾಗಗಳು ಈಗ ಪೇಟೆಯಲ್ಲಿ ಸಿಗುವುದಿಲ್ಲ, ನಮ್ಮ ಮನೆಯಲ್ಲಿ ಸಿಗುತ್ತವೆ. ಮದುವೆಯಲ್ಲಿ ಮಾವ ಕೊಟ್ಟ ಸ್ಟೀರಿಯೊ ಅಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿದೆ. ಕೆಟ್ಟ ಕ್ಯಾಸೆಟ್ ಡೆಕ್ಕಿನ ಮುಂದೆ ಮುಖ ಸಣ್ಣ ಮಾಡಿಕೊಂಡು ನಿಂತವರನ್ನು ವಾಪಸ್ ಕಳಿಸುವುದು ನನ್ನಿಂದಾಗದು. ಹಾಗಾಗಿ ಹೆಂಡತಿ ನೀರಿಗೆ ಹೋದಾಗ ಬಟ್ಟೆ ಎತ್ತಿ, ಬೇಕಾದ್ದು ಬಿಚ್ಚಿ, ಮತ್ತೆ ಹೊದಿಸಿಬಿಡುತ್ತೇನೆ.

ಗಡಿಬಿಡಿಯ ಭಜನೆ

ನಿಪ್ಪಾಣಿಯ ಜೈನ ವ್ಯಾಪಾರಿಯೊಬ್ಬರು ಡೆಕ್ ತಂದರು. ಕ್ಯಾಸೆಟ್ ತಿರುಗುವುದೇ ನಿಂತಿತ್ತು.

"ಹೊಸಾದ ಯಾಕ ತಗೊಳ್ಳಂಗಿಲ್ರಿ?" ಎಂದೆ.

"ನಮ್ಮ ಭಜನಿ ಮಂಡಳಿ ಇದರ ಮುಂದ ಕುಂತ ಕಲತೈತ್ರಿ. ನಮಗ ಗುರು ಇದ್ದಂಗ ಇದು."

ಒಳಗೆ ಕ್ಯಾಸೆಟ್ ತಿರುಗಿಸುವ ರಬ್ಬರ್ ಬೆಲ್ಟ್ ಜೋತುಬಿದ್ದಿತ್ತು. ನಮ್ಮ ಮನೆಯದನ್ನು ತಂದು ಹಾಕಿದೆ, ಅಂದಿನಿಂದ ನಮ್ಮದು ಮೂಕವಾಯಿತು. ಎಂಟು ದಿನಕ್ಕೆ ಅವರು ವಾಪಸ್ ಬಂದರು.

"ಹಾಡಾವ್ರಿಗೆ ಏನೋ ಗಡಿಬಿಡಿ ಐತ್ರಿ. ನಮ್ಮ ಮುದಕ್ಯಾರಿಗೆ ಉಸುರ ಸಾಲವಲ್ದು. ನಾವು ಮೂರನೇ ನುಡಿಗೆ ಬರೂದ್ರಾಗ ಕ್ಯಾಸೆಟ್ ಆರತಿಗೆ ಹೋಗಿರತೈತಿ!"

ಸಡಿಲ ಬೆಲ್ಟಿನ ಮೇಲೆ ವರ್ಷಗಟ್ಟಲೆ ತೆವಳಿದ ಕ್ಯಾಸೆಟ್ ಕೇಳಿ ಇಡೀ ಮಂಡಳಿ ಅದೇ ಸರಿಯಾದ ಧಾಟಿ ಎಂದು ಕಲಿತಿತ್ತು. ಮೋಟಾರಿನ ಸ್ಕ್ರೂ ತಿರುಗಿಸಿ ವೇಗ ಇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ ತಲೆದೂಗಿದರು.

"ಹಾಂ, ಈಗ ರಿಪೇರಿ ಆತ ನೋಡ್ರಿ."

ಅಣ್ಣತಮ್ಮಂದಿರ ಹಾಡು

ತೆಲಸಂಗದ ರೈತರೊಬ್ಬರ ತಕರಾರು ಬೇರೆ. "ಬರೇ ತಬಲಾ ಕೇಳತೈತ್ರಿ. ಹಾಡಾವ್ನ ದನಿನ ಬರವಲ್ದು."

ಬಿಚ್ಚಿ ನೋಡಿದರೆ ಎಲ್ಲ ಸರಿಯಾಗಿದೆ. "ಎರಡನೇ ಸ್ಪೀಕರ್ ಎಲ್ಲೈತ್ರಿ?" ಎಂದು ಕೇಳಿದೆ.

"ತಮ್ಮನ ಪಾಲಿಗೆ ಹೋಗೈತ್ರಿ."

ಹೊಲ, ಬಾವಿ, ಎಮ್ಮೆ ಹಂಚಿಕೊಂಡ ಮೇಲೆ ಸ್ಪೀಕರನ್ನೂ ಆಳಿಗೊಂದರಂತೆ ಹಂಚಿಕೊಂಡಿದ್ದರು. ಕೆಲವು ಹಳೇ ಸ್ಟೀರಿಯೊ ಹಾಡುಗಳಲ್ಲಿ ದನಿ ಒಂದು ಸ್ಪೀಕರಿನಲ್ಲಿ, ವಾದ್ಯ ಇನ್ನೊಂದರಲ್ಲಿ ಬರುತ್ತದೆ. ಅಣ್ಣನಿಗೆ ತಬಲಾ ಬಂದಿತ್ತು. ತಮ್ಮ ತನ್ನದರ ಮೇಲೆ ನೀರಿನ ಕೊಡ ಇಟ್ಟಿದ್ದ.

"ಕೇಳಿ ಇಸ್ಕೊಳ್ರಲ್ಲ?"

"ಅವ ತಾನಾಗಿ ಕೊಡಂಗಿಲ್ಲ, ನಾ ಬಾಯಿಬಿಟ್ಟ ಕೇಳಂಗಿಲ್ಲ. ಆದ್ರ ನಮ್ಮಪ್ಪ ಕೇಳತಿದ್ದ ಹಾಡ್ರಿ ಅದು."

ಮನೆಯ ಒಂದು ಸ್ಪೀಕರ್ ತಂದು ಕೊಟ್ಟೆ. ಹದಿನೈದು ದಿನ ಆಗಿರಲಿಲ್ಲ, ತಮ್ಮ ಅಂಗಡಿಗೇ ಬಂದು ನಿಂತ.

"ಹಾಡಾವ್ನ ದನಿ ನನ್ನ ಪಾಲಿಗೆ ಬಂದಿತ್ತು. ಅಣ್ಣನ ಮನ್ಯಾಗ ಹೆಂಗ ಕೇಳಾಕತ್ತೈತಿ?"

ಕುಣಿಯುವ ಸೂಜಿ

ರಾಯಬಾಗದ ನಿವೃತ್ತ ಮಾಸ್ತರರಿಗೆ ಕಿವಿ ಚೂರೂ ಕೇಳಿಸದು. ಡೆಕ್ಕಿನ ಮುಂದಿನ ಗಾಜಿನೊಳಗೆ ಹಾಡಿಗೆ ತಕ್ಕಂತೆ ಕುಣಿಯುವ ಸೂಜಿ ಇರುತ್ತದಲ್ಲ, ಅದನ್ನು ನೋಡುತ್ತ ತಾಳ ಹಾಕುತ್ತಿದ್ದರು. ಸೂಜಿ ನಿಂತಿತ್ತು. ನಮ್ಮ ಮನೆಯದನ್ನು ಕೂಡಿಸಿದೆ. ಅವರು ಖುಷಿಯಿಂದ ಹೊರಗೆ ಹೋದ ಮೇಲೆ ಅವರ ಹೆಂಡತಿ ಹಿಂದೆ ಉಳಿದು ಮೆಲ್ಲಗೆ ಅಂದರು:

"ಅಣ್ಣಾರ, ಸೂಜಿ ಕುಣೀಲಿ. ದನಿ ಬಂದ್ ಮಾಡಿ ಕೊಡ್ರಿ, ಓಣಿ ಮಂದಿ ಕಿವಿ ಉಳೀತಾವು, ನಿಮಗ ಪುಣ್ಯೆ ಬರತೈತಿ."

ಹಾಗೇ ಮಾಡಿಕೊಟ್ಟೆ. ಮಾಸ್ತರರು ಇವತ್ತಿಗೂ ತಾಳ ಹಾಕುತ್ತಿದ್ದಾರೆ.

ಕಬ್ಬೂರಿನಿಂದ ಮಾವ

ಹೀಗೇ ನಮ್ಮ ಸ್ಟೀರಿಯೊದ ಭಾರವಾದ ಟ್ರಾನ್ಸ್‌ಫಾರ್ಮರ್ ಅಥಣಿಗೆ, ಮೋಟಾರು ಕಾಗವಾಡಕ್ಕೆ ಹೋದವು. ಹೆಂಡತಿ ಆಗಾಗ, "ಊರ ಮಂದೀದು ಮಾಡ್ತೀರಿ, ನಮ್ದು ಯಾವಾಗ್ರಿ?" ಎನ್ನುವಳು. "ನಾಳೆ" ಎನ್ನುತ್ತಿದ್ದೆ.

ಒಂದು ಮುಂಜಾನೆ ಮಾವ ಬಂದರು. ಚಹಾ ಮುಗಿಸಿ ಕಸೂತಿ ಬಟ್ಟೆಯ ಕಡೆ ನೋಡಿದರು. "ಅಳಿಯಂದ್ರ, ಕೊಲ್ಲಾಪುರದಾಗ ಇದನ್ನ ತಗೊಂಡು, ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ ತಂದಿದ್ನಿ. ದಾರಿತುಂಬ ಒಬ್ಬರಿಗೂ ಮುಟ್ಟಗೊಟ್ಟಿಲ್ಲ. ಒಮ್ಮಿ ಹಚ್ರಿ, ಕೇಳಿ ಹೋಗ್ತೀನಿ."

"ಕರೆಂಟ್ ಇಲ್ರಿ ಮಾವಾರ" ಎಂದೆ. ಮಾವ ತಲೆ ಎತ್ತಿ, ಗರಗರ ತಿರುಗುತ್ತಿದ್ದ ಫ್ಯಾನನ್ನು ನೋಡಿದರು. ಆಮೇಲೆ ತಾವೇ ಎದ್ದು ಬಟ್ಟೆ ಸರಿಸಿ, ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿದರು.

"ಭಾಳ ಹಗೂರ ಆಗೇತಲ್ರಿ?"

ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹೀಗೆ ಮಾಡಿದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

"ಅಪ್ಪಾ, ಅದನ್ನ ಕೇಳಬೇಕಂದ್ರ ಬಸ್ ಹತ್ತಬೇಕು. ಬೆಲ್ಟ್ ನಿಪ್ಪಾಣ್ಯಾಗ ಭಜನಿ ಮಾಡಾಕತ್ತೈತಿ. ಸ್ಪೀಕರ್ ತೆಲಸಂಗದಾಗ ಐತಿ, ಸೂಜಿ ರಾಯಬಾಗದಾಗ ಕುಣ್ಯಾಕತ್ತೈತಿ. ಟ್ರಾನ್ಸ್‌ಫಾರ್ಮರ್ ಅಥಣ್ಯಾಗ, ಮೋಟಾರ್ ಕಾಗವಾಡದಾಗ."

ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ನನ್ನಿಂದ "ನಾಳೆ" ಅನ್ನಿಸಿದ್ದಳು!

ಮಾವ ನನ್ನನ್ನೇ ನೋಡುತ್ತ ಪೆಟ್ಟಿಗೆ ಕೆಳಗಿಟ್ಟರು. ಆಮೇಲೆ ಮಗಳನ್ನು ಹತ್ತಿರ ಕರೆದು, ಅವಳ ಕೈ ಹಿಡಿದು ಒಂದೊಂದೇ ಬೆರಳು ಎಣಿಸತೊಡಗಿದರು.

"ಇದೇನಪ್ಪಾ?" ಎಂದಳು.

"ತಡಿಯವ್ವಾ. ನಿನ್ನನ್ನೂ ಇದರ ಜೋಡಿನ ಕೊಟ್ಟಿದ್ನಿ. ಎಲ್ಲಾ ಇಲ್ಲೇ ಐತೋ, ಯಾರಿಗರ ಬೇಕಂತ ಬಿಚ್ಚಿ ಕೊಟ್ಟಾರೋ ನೋಡಾಕತ್ತೇನಿ."