ಕಾಮಾ ಕಂಡಲ್ಲಿ ಕತ್ತರಿ

ಬಂಗಾರಪೇಟೆಯಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡಲು ಶುರುಮಾಡಿ ಹತ್ತು ವರ್ಷವಾಯಿತು. ಉದ್ದನೆಯ ಸಾಲೊಂದನ್ನು ಕಾಮಾ, ಚುಕ್ಕಿ ಬಂದಲ್ಲೆಲ್ಲ ತುಂಡು ಮಾಡುವುದು ಮೊದಲ ತಿಂಗಳ ಪಾಠ. ಆ ಸಣ್ಣ ಪಾಠದಲ್ಲಿ ನನ್ನ ಎದೆ ಧಸಕ್ಕೆಂದಷ್ಟು ಸಲ ಬೇರೆಲ್ಲೂ ಅಂದಿಲ್ಲ.

ಖಾಲಿ ಪಟ್ಟಿ

ಉರಿಗಾಂನಿಂದ ಕಲಿಯಲು ಬರುತ್ತಿದ್ದ ಟೈಲರ್ ಹೆಂಗಸೊಬ್ಬರು ತಮ್ಮ ಸಂಘದವರ ಹೆಸರುಗಳನ್ನು ನಡುನಡುವೆ ಚುಕ್ಕಿಯಿಟ್ಟು ಟೈಪ್ ಮಾಡಿ, ಚುಕ್ಕಿ ಇರುವಲ್ಲಿ ಕತ್ತರಿಸು ಎಂದು ಜಾವಾದಲ್ಲಿ ಬರೆದರು. ಪರದೆಯ ಮೇಲೆ ಒಂದು ಹೆಸರೂ ಬರಲಿಲ್ಲ.

"ಮಿಸ್, ಅಷ್ಟೂ ಜನ ಎಲ್ಲೋದ್ರು?" ಎಂದು ಕೇಳಿದರು.

ಜಾವಾದಲ್ಲಿ ಕತ್ತರಿಸುವ ಆಜ್ಞೆಯಾದ ಸ್ಪ್ಲಿಟ್‌ಗೆ ಬರೀ ಚುಕ್ಕಿ ಕೊಟ್ಟರೆ 'ಯಾವ ಅಕ್ಷರವಾದರೂ ಸರಿ' ಎಂದರ್ಥ, ಅದಕ್ಕೇ ಎಲ್ಲವನ್ನೂ ಕತ್ತರಿಸಿ ಎಸೆದಿದೆ ಎಂದೆ.

ಅವರು ಖಾಲಿ ಪರದೆಯತ್ತ ಕೈ ತೋರಿಸಿದರು. "ನಾನೂ ಬಟ್ಟೆ ಕೆಡಿಸಿದ್ದೀನಿ ಮಿಸ್. ಚಿಂದಿಯಾದ್ರೂ ಉಳೀತಿತ್ತು."

ಒಂದೇ ಕವರು

ಮದುವೆ ಕಾಗದದ ಕವರುಗಳ ಮೇಲೆ ಹೆಸರು ಅಚ್ಚು ಹಾಕಲು ಪ್ರೆಸ್ಸಿನವರು ನನಗೆ ಪಟ್ಟಿ ಕೊಟ್ಟರು. ಹೆಣ್ಣಿನ ತಂದೆ ಕೆಲವು ಹೆಸರಿನ ನಡುವೆ ಕಾಮಾ, ಕೆಲವಕ್ಕೆ ಓರೆಗೆರೆ (/) ಹಾಕಿದ್ದರು. ಪೈಥಾನಿನ ಸ್ಪ್ಲಿಟ್‌ಗೆ ನಾನು ಎರಡನ್ನೂ ಸೇರಿಸಿ ಕೊಟ್ಟೆ. ಅದು ಎರಡೂ ಒಟ್ಟಿಗೆ ಅಂಟಿಕೊಂಡ ಜಾಗ ಹುಡುಕಿ, ಸಿಗದೆ, ಏನನ್ನೂ ಕತ್ತರಿಸಲಿಲ್ಲ. ನಾನು ನೋಡದೇ ಕಳಿಸಿಬಿಟ್ಟೆ.

ಮಾರನೇ ದಿನ ಹೆಣ್ಣಿನ ತಂದೆ ಒಂದೇ ಒಂದು ಕವರು ಹಿಡಿದು ಬಂದರು. ಹಿಂದೂ ಮುಂದೂ ಇರುವೆ ಸಾಲಿನ ಹಾಗೆ ಹೆಸರುಗಳು.

"ಇಷ್ಟು ಜನ ಒಂದೇ ಮನೇಲಿದ್ರೆ ನಾನ್ಯಾಕಮ್ಮ ಛತ್ರ ಬುಕ್ ಮಾಡ್ತಿದ್ದೆ? ಅವ್ರ ಮನೇಲೇ ಮದ್ವೆ ಮಾಡ್ತಿದ್ದೆ," ಎಂದರು.

'ದಿ.'

ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸ ಮಾಡಿದ್ದ ಹಿರಿಯರು ಒಂದು ಕೂಟ ಇಟ್ಟುಕೊಂಡರು. ಅವರು ನನಗೆ ಕೊಟ್ಟ ಪಟ್ಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಸಾಲು. ತೀರಿಕೊಂಡವರ ಹೆಸರಿಗೆ ಮೊದಲು 'ದಿ.' ಎಂದಿತ್ತು. ಈ ಸಲ ಕಾಮಾ, ಓರೆಗೆರೆ, ಚುಕ್ಕಿ ಯಾವುದು ಬಂದರೂ ಕತ್ತರಿಸುವಂತೆ ಸರಿಯಾಗಿ ಬರೆದೆ. ಸಾಲಿನ ಮೊದಲ ತುಂಡು 'ದಿ' ಆಗಿದ್ದರೆ ಆ ಹೆಸರು ಶ್ರದ್ಧಾಂಜಲಿ ಬ್ಯಾನರಿಗೆ.

ಕೂಟದ ದಿನ ತಾತ ಒಬ್ಬರು ಬ್ಯಾನರ್ ಓದುತ್ತಾ ಓದುತ್ತಾ ತಮ್ಮದೇ ಹೆಸರಿನ ಮುಂದೆ ನಿಂತರು. ಅವರ ಊರಿನ ಹೆಸರು ಶುರುವಾಗುವುದೇ 'ದಿ'ಯಿಂದ. ಅದೇ ಅವರ ಇನಿಷಿಯಲ್.

ಓಡಿಹೋಗಿ ಕಾಲು ಮುಟ್ಟಿ, "ತಪ್ಪಾಯ್ತು ತಾತ, ಈಗ್ಲೇ ತೆಗೆಸ್ತೀನಿ," ಎಂದೆ.

"ಸತ್ತಿದ್ದು ಇರ್ಲಿ ಕಣಮ್ಮ," ಎಂದು ಅವರು ಬೆರಳಲ್ಲಿ ತಮ್ಮ ಪಕ್ಕದ ಹೆಸರು ತೋರಿಸಿದರು. "ಈ ಮೇಸ್ತ್ರಿ ಪಕ್ಕದಾಗೆ ಯಾಕಾಕ್ದೆ? ಇವ್ನು ಬದುಕಿದ್ದಾಗ್ಲೇ ಮಾತು ಬಿಟ್ಟಿದ್ದೆ ನಾನು."