ಅಕ್ಕನ ಬಿಳಿ ಗ್ಲೌಸು

ನಮ್ಮಕ್ಕನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಪಾಮರ್ಸ್ಟನ್ ನಾರ್ತ್‌ನ ಕನ್ನಡಿಗರೆಲ್ಲ ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ, ಅಷ್ಟೆ!

ಅವಳು ಇಲ್ಲಿನ ಯೂನಿವರ್ಸಿಟಿಯಲ್ಲಿ ಜಪಾನಿನ ಪ್ರಜಾಪ್ರಭುತ್ವದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಮಂಡ್ಯದಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಕೂತು, ಜಪಾನಿನವರ ಓಟಿನ ಚಿಂತೆ! ಎಸ್ಸೆಸ್ಸೆಲ್ಸಿಗೇ ಮಂಗಳ ಹಾಡಿದ ನನಗೂ ಊಟಕ್ಕೆ ಕೂತಾಗಲೆಲ್ಲ ಪಾಠ.

"ನೋಡೋ, ಅಲ್ಲಿ ಜನ ಕೇಳೋದೊಂದು, ಸರ್ಕಾರ ಮಾಡೋದೊಂದು. ಆದ್ರೂ ಗೆಲ್ಲೋದು ಅದೇ ಪಕ್ಷ. ಯಾಕೆ ಹೇಳು?"

"ಸಾರು ಹಾಕು, ಹೇಳ್ತೀನಿ."

"ಬೇರೆಯವ್ರ ಮೇಲೆ ನಂಬಿಕೆ ಇಲ್ಲ ಕಣೋ. ಎಷ್ಟೋ ಜನ ಓಟಿಗೇ ಹೋಗಲ್ಲ!"

ಇಲ್ಲಿನ ನಮ್ಮ ಕನ್ನಡ ಸಂಘದ ಕಥೆಯೂ ಅದೇ ತಾನೇ? ಪ್ರತಿ ವರ್ಷವೂ ಒಬ್ಬರೇ ಅಂಕಲ್ ಅಧ್ಯಕ್ಷರು, ಅವಿರೋಧ ಆಯ್ಕೆ. ಯುಗಾದಿಯ ದಿನ ಊಟಕ್ಕೆ ಮುಂಚೆ ಅವರ ಭಾಷಣ; ಮುಗಿಯುವಷ್ಟರಲ್ಲಿ ಹೋಳಿಗೆ ರಟ್ಟು! ಊಟ ಮೊದಲಾಗಲಿ ಎಂದು ಕಾರ್ ಪಾರ್ಕಿನಲ್ಲಿ ಎಲ್ಲರೂ ಗೊಣಗುವವರೇ. ಒಳಗೆ ಬಂದರೆ ಎಲ್ಲರೂ ಚಪ್ಪಾಳೆ ತಟ್ಟುವವರೇ.

"ಥೇಟ್ ಜಪಾನ್!" ಎಂದ ಅಕ್ಕ, ಕಳೆದ ಯುಗಾದಿಗೆ ಅಧ್ಯಕ್ಷಗಿರಿಗೆ ತಾನೇ ನಿಂತಳು. ಅಲ್ಲಿನ ಅಭ್ಯರ್ಥಿಗಳಂತೆ ಬಿಳಿ ಗ್ಲೌಸು ತೊಟ್ಟು, ಸಭಾಂಗಣದ ಬಾಗಿಲಲ್ಲಿ ಬಂದ ಬಂದ ಕಾರಿಗೆಲ್ಲ ಸೊಂಟ ಬಗ್ಗಿಸಿದಳು. "ಊಟ ಮೊದಲು, ಭಾಷಣ ಆಮೇಲೆ!"

"ಏನಮ್ಮಾ, ಪಾತ್ರೆ ತೊಳೆಯೋಕೆ ಬಂದ್ಯಾ?" ಎಂದರು ಅಂಕಲ್.

"ಹೂಂ ಅಂಕಲ್, ತಳ ಹಿಡಿದಿರೋದನ್ನ ಉಜ್ಜಬೇಕಲ್ಲ!"

ಅಂಕಲ್ ಚಾಣಾಕ್ಷರು. ಭಾಷಣ ಮುಗಿಸಿ, ಎಲ್ಲರ ಕೈಗೂ ತಟ್ಟೆ ಬಂದು, ಬೆರಳು ತುಪ್ಪದಲ್ಲಿ ಅದ್ದಿದ ಮೇಲೆ ಕೇಳಿದರು: "ಈ ಹುಡುಗಿ ಕಡೆ ಯಾರಪ್ಪಾ? ಕೈ ಎತ್ತಿ!"

ಎದ್ದದ್ದು ಒಂದೇ ಕೈ. ಬಿಳಿ ಗ್ಲೌಸಿನದು.

ನನ್ನದು? ಎಡಗೈಯಲ್ಲಿ ತಟ್ಟೆ. ಇನ್ನೂ ತುಪ್ಪ ಮುಟ್ಟದ ಬಲಗೈ ಖಾಲಿಯೇ ಇತ್ತು, ಜೇಬಿನೊಳಗೆ! ಗೋದಾಮಿನಲ್ಲಿ ನನಗೆ ಕೆಲಸ ಕೊಡಿಸಿದವರು ಅದೇ ಅಂಕಲ್. ಅವರು ನನ್ನನ್ನೇ ನೋಡುತ್ತಿದ್ದರು. ಕಾರ್ ಪಾರ್ಕಿನಲ್ಲಿ ಎಲ್ಲರಿಗಿಂತ ಜೋರಾಗಿ ಗೊಣಗಿದವನೂ ನಾನೇ.

ವಾಪಸು ಬರುವಾಗ ಕಾರಿನಲ್ಲಿ ಅಕ್ಕನೇ ಮಾತು ಶುರು ಮಾಡಿದಳು. "ಮುಂದಿನ ಸಲವೂ ನಿಲ್ತೀನಿ. ಅವ್ರು ಕೇಳಿಸ್ಕೊಳ್ಳೋವರ್ಗೂ ನಿಲ್ತೀನಿ!"

"ಅಕ್ಕಾ, ನನ್ನ ಕೈ..."

"ನೋಡ್ದೆ ಬಿಡೋ." ಬಲಗೈಯ ಗ್ಲೌಸು ಬಿಚ್ಚಿ ನನ್ನ ತೊಡೆಯ ಮೇಲೆ ಹಾಕಿದಳು. "ನಂಗೆ ಭಯ ಆಗಿದ್ದೇ ಬೇರೆ. ಎಲ್ಲಿ ಎತ್ತಿಬಿಟ್ಟು ಕೆಲಸ ಕಳ್ಕೋತೀಯೋ ಅಂತ."

ಈ ಯುಗಾದಿಗೆ ಆ ಗ್ಲೌಸು ನನ್ನ ಕೈಯಲ್ಲಿರುತ್ತದೆ. ತಟ್ಟೆಯೇ? "ಸ್ವಲ್ಪ ಹಿಡ್ಕೊಳ್ಳಿ" ಎಂದು ಅಂಕಲ್ ಕೈಗೇ ಕೊಡುತ್ತೇನೆ!